ಆಮೆಗೆ ಬಾಳೆಹಣ್ಣು: ‘ಮನೆ ಮಂದಿ’ ಗುಂಪಿನಲ್ಲಿ ಒಂದು ಜಗಳ

ರಘು ಮಾವ: [ಫಾರ್ವರ್ಡ್ ಚಿತ್ರ: ‘ನಿಮ್ಮ ಮುದ್ದು ಆಮೆಗೆ ಆರೋಗ್ಯಕರ ಆಹಾರ. ಪಾಲಕ್, ಬಾಳೆಹಣ್ಣು, ಟೊಮೇಟೊ, ಹಾಲಿನಲ್ಲಿ ನೆನೆಸಿದ ಬ್ರೆಡ್…’]
ಸ್ಮಿತಾ, ನಿನ್ನ ಆಮೆಗೆ ಉಪಯೋಗ ಆಗುತ್ತೆ. ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡು.

ಸ್ಮಿತಾ (ಫೀನಿಕ್ಸ್, ಅಮೆರಿಕ): ಮಾವಾ, ಇದರಲ್ಲಿ ಇರುವ ಒಂದನ್ನೂ ನಾನು ಕೊಡುವುದಿಲ್ಲ. ಹಾಲು ಬ್ರೆಡ್ ಅಂತೂ ಕೇಳಲೇಬೇಡಿ.

ರಘು ಮಾವ: ಯಾಕಮ್ಮಾ? ಎಲ್ಲಾ ಸಸ್ಯಾಹಾರ ತಾನೇ?

ಸ್ಮಿತಾ: ಸಸ್ಯಾಹಾರ ಆದರೆ ಸಾಕಾ? ಇದು ಸೊನೋರನ್ ಮರುಭೂಮಿಯ ಆಮೆ. ಅರಿಜೋನಾ ಗೇಮ್ ಅಂಡ್ ಫಿಶ್ ಅಂತ ಇಲ್ಲಿನ ವನ್ಯಜೀವಿ ಇಲಾಖೆ, ಅದರ ದತ್ತು ಯೋಜನೆಯಲ್ಲಿ ತಂದಿದ್ದು. ಸಾಕಿದ್ದನ್ನು ಮತ್ತೆ ಕಾಡಿಗೆ ಬಿಡುವ ಹಾಗಿಲ್ಲ, ಅಲ್ಲಿನ ಆಮೆಗಳಿಗೆ ರೋಗ ಹರಡಬಹುದು ಅಂತ. ಕಾಡಿನಲ್ಲಿ ಇವು ತಿನ್ನುವುದು ಒರಟು ಹುಲ್ಲು, ಕಾಡುಗಿಡದ ಎಲೆ, ಹೂವು, ಪಾಪಸುಕಳ್ಳಿ. ನಾರು ಜಾಸ್ತಿ, ಸಕ್ಕರೆ ಕಡಿಮೆ. ಕರುಳಿನ ಸೂಕ್ಷ್ಮಜೀವಿಗಳು ಆ ನಾರನ್ನು ನಿಧಾನವಾಗಿ ಅರಗಿಸುತ್ತವೆ. ಸಿಹಿ ಹಣ್ಣು ದಿನಾ ಬಿದ್ದರೆ ಅದೆಲ್ಲ ಏರುಪೇರಾಗಿ ಭೇದಿ ಶುರು.

ದೊಡ್ಡಮ್ಮ: ನಮ್ಮ ಬಾವಿಯ ಆಮೆ ಅನ್ನ ಹಾಕಿದರೆ ಮೇಲೆ ಬಂದು ತಿನ್ನುತ್ತಿತ್ತು. ಏನೂ ಆಗಲಿಲ್ಲ.

ಪವನ್ (ಪಶುವೈದ್ಯ ವಿದ್ಯಾರ್ಥಿ): ದೊಡ್ಡಮ್ಮ, ಅದು ನೀರಿನ ಆಮೆ. ಹುಳ, ಬಸವನಹುಳು, ಮೀನು ಎಲ್ಲಾ ತಿನ್ನುತ್ತೆ. ಸ್ಮಿತಕ್ಕನದು ನೆಲದ ಆಮೆ, ಕಾಲು ನೋಡಿ, ಆನೆಯ ಕಾಲಿನ ಹಾಗಿದೆ. ಎರಡಕ್ಕೂ ಸೇರಿಸಿ ಒಂದೇ ಪಟ್ಟಿ ಮಾಡಿದ್ದಾರಲ್ಲ, ಮೊದಲ ತಪ್ಪು ಅಲ್ಲೇ.

ರಘು ಮಾವ: ಪ್ರಾಣಿಗೆ ತನಗೇನು ಬೇಕು ಅಂತ ಗೊತ್ತಿರುತ್ತಪ್ಪ. ಬಾಳೆಹಣ್ಣು ಇಟ್ಟರೆ ಓಡಿ ಬರುತ್ತೆ. ಬೇಡದಿದ್ದರೆ ಬರುತ್ತಾ?

ಸ್ಮಿತಾ: ಕೆಂಪು, ಹಳದಿ ಏನು ಕಂಡರೂ ಬರುತ್ತೆ ಮಾವಾ. ನನ್ನ ಕಾಲಿನ ನೇಲ್ ಪಾಲಿಶ್‌ಗೂ ಬಾಯಿ ಹಾಕಿದೆ.

ರಘು ಮಾವ: ಕಾಡಿನಲ್ಲಿ ಹಣ್ಣು ತಿನ್ನುವುದೇ ಇಲ್ವಾ? ಪಾಪಸುಕಳ್ಳಿ ಹಣ್ಣು ತಿಂದು ಮೂತಿ ಕೆಂಪಾದ ಆಮೆಯ ಫೋಟೊ ನಾನೇ ನೋಡಿದ್ದೇನೆ. ನಿಮ್ಮ ಕಡೆಯದೇ.

ಸ್ಮಿತಾ: ಅದು ನಿಜ, ಒಪ್ಪಿದೆ. ಆದರೆ ಕಳ್ಳಿ ಹಣ್ಣಾಗುವುದು ಬೇಸಿಗೆ ಮುಗಿಯುವ ಹೊತ್ತಿಗೆ, ಸ್ವಲ್ಪ ಕಾಲ ಮಾತ್ರ. ತುಂಬಾ ಬೀಜ ಬೇರೆ. ಆ ಕಾಲದಲ್ಲಿ ನಾನೂ ಒಂದೊಂದು ಕೊಡುತ್ತೇನೆ. ಅಂಗಡಿಯ ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಜಾಸ್ತಿ. ಚಿಪ್ಪಿಗೆ ಬೇಕಾದದ್ದು ಅದರ ಉಲ್ಟಾ.

ಪವನ್: ರಂಜಕ 1 ಪಾಲು ಇದ್ದರೆ ಕ್ಯಾಲ್ಸಿಯಂ ಕನಿಷ್ಠ 2 ಪಾಲು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತೆ. ಮೈಗೆ ಹತ್ತುವುದಿಲ್ಲ. ಹರಿವೆ, ಬಸಳೆಯದೂ ಅದೇ ಕಥೆ. ಅಪರೂಪಕ್ಕೆ ನಾಲ್ಕು ಎಲೆ ಪರವಾಗಿಲ್ಲ, ದಿನದ ಊಟ ಆಗಬಾರದು.

ದೊಡ್ಡಮ್ಮ: ಹಾಗಾದರೆ ಪಾಪ ಅದು ಏನು ತಿನ್ನಬೇಕು?

ಸ್ಮಿತಾ: ಗರಿಕೆ ದೊಡ್ಡಮ್ಮ! ನೀವು ಗಣಪತಿಗೆ ಏರಿಸುವ ಅದೇ ಗರಿಕೆ. ಇಲ್ಲಿ ಬರ್ಮುಡಾ ಗ್ರಾಸ್ ಅಂತ ಮನೆ ಮುಂದೆಲ್ಲ ಬೆಳೆಸುತ್ತಾರೆ. ಹಿತ್ತಲಲ್ಲಿ ತಾನೇ ಮೇಯುತ್ತೆ. ಜೊತೆಗೆ ದಾಸವಾಳದ ಎಲೆ, ಹೂವು. ಪಕ್ಕದ ಮನೆಯವರ ಹಿಪ್ಪುನೇರಳೆ ಎಲೆ. ಗ್ಲೋಬ್ ಮ್ಯಾಲೋ ಅಂತ ದಾಸವಾಳದ ಕುಟುಂಬದ್ದೇ ಒಂದು ಕಾಡುಗಿಡ, ಅದರ ಕಿತ್ತಳೆ ಹೂವು ಅಂದರೆ ಜೀವ.
ಕಳ್ಳಿಯ ಪಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಮುಳ್ಳು ಸುಡುತ್ತೇನೆ. ಕೂದಲಿನಷ್ಟು ಸಣ್ಣ ಮುಳ್ಳುಗಳು ಬೆರಳಿಗೆ ಹೊಕ್ಕರೆ ಬರುವುದೇ ಇಲ್ಲ. ಸೊಪ್ಪು ತೊಳೆದು ಒದ್ದೆಯಾಗಿಯೇ ಹಾಕುತ್ತೇನೆ. ಹೆಚ್ಚುವುದಿಲ್ಲ, ಮರಿ ಆಗಿದ್ದರೆ ಹೆಚ್ಚಬೇಕಿತ್ತು. ದೊಡ್ಡದು ಎಲೆ ಹರಿದು ತಿಂದರೆ ಕೊಕ್ಕೂ ಸವೆಯುತ್ತೆ. ಚಪ್ಪಡಿ ಕಲ್ಲಿನ ಮೇಲೆ ಇಡುತ್ತೇನೆ, ಮರಳಿನ ಮೇಲಲ್ಲ. ಮರಳು ಕರುಳಲ್ಲಿ ಕಟ್ಟಿಕೊಂಡರೆ ದೊಡ್ಡ ಫಜೀತಿ. ಆಗಾಗ ಚಿಟಿಕೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ನರ್ಸರಿಯಿಂದ ಆಗ ತಾನೇ ತಂದ ಗಿಡದ ಎಲೆ ಮಾತ್ರ ಬೇಡ, ಕೀಟನಾಶಕ ಒಳಗೇ ಇರುತ್ತೆ.
ಅಕ್ಟೋಬರ್ ಹೊತ್ತಿಗೆ ಚಳಿಗಾಲದ ನಿದ್ದೆಗೆ ಬಿಲ ಸೇರಿದರೆ ಮಾರ್ಚ್ ತನಕ ಊಟವೇ ಇಲ್ಲ.

ರಘು ಮಾವ: ಐದು ತಿಂಗಳು ಉಪವಾಸ ಕೆಡವುತ್ತೀಯಾ, ತಕರಾರು ಮಾತ್ರ ನನ್ನ ಬಾಳೆಹಣ್ಣಿಗೆ!

ದೊಡ್ಡಮ್ಮ: ಕಣಗಿಲೆ ಹೂವು ಕೊಡಬಹುದಾ? ಇಲ್ಲಿ ರಾಶಿ ಬಿಟ್ಟಿದೆ.

ಸ್ಮಿತಾ: ಬೇಡವೇ ಬೇಡ!! ಎಲೆ, ಹೂವು, ಒಣಗಿದ ಕಡ್ಡಿ ಎಲ್ಲಾ ವಿಷ. ನೇರ ಹೃದಯಕ್ಕೆ. ಫೀನಿಕ್ಸ್‌ನಲ್ಲಿ ಎಷ್ಟೋ ಬೇಲಿ ಅದರದ್ದೇ. ಗಾಳಿ ಬೀಸಿದ ದಿನ ಹಿತ್ತಲೆಲ್ಲ ಆರಿಸುವುದೇ ನನ್ನ ಕೆಲಸ.

ಅರ್ಚನಾ (ಕೋಲಾರ): ಪಕ್ಕದ ಬೀದಿಯಲ್ಲಿ ಒಬ್ಬರು ನಕ್ಷತ್ರ ಆಮೆ ಸಾಕಿದ್ದಾರೆ, ಅದೃಷ್ಟ ಬರುತ್ತೆ ಅಂತ. ಮೊಸರನ್ನ ಹಾಕುತ್ತಾರೆ. ಚಿಪ್ಪು ಗುಡ್ಡ ಗುಡ್ಡ ಆಗಿದೆ. ನಮ್ಮ ತೋಟದ ಹಿಪ್ಪುನೇರಳೆ ಕೊಡಲಾ? ರೇಷ್ಮೆ ಹುಳಕ್ಕೆ ಅಂತ ಬೆಳೆದಿದ್ದು, ಔಷಧಿ ಹೊಡೆದಿಲ್ಲ.

ಪವನ್: ಸೊಪ್ಪು ಒಳ್ಳೆಯದೇ, ಆದರೆ ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಲು ಹೇಳು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. 2019ರಿಂದ ಅಂತಾರಾಷ್ಟ್ರೀಯ ವ್ಯಾಪಾರವೂ ಬಂದ್. ಗುಡ್ಡದ ವಿಷಯಕ್ಕೆ ಬಂದರೆ, ಈ ಜಾತಿಗೆ ಸ್ವಲ್ಪ ಉಬ್ಬು ಸಹಜ. ಮೊದಲೆಲ್ಲ ಪ್ರೋಟೀನ್ ಜಾಸ್ತಿಯಾಗಿ ಹಾಗಾಗುತ್ತೆ ಅನ್ನುತ್ತಿದ್ದರು. ಆಫ್ರಿಕಾದ ಸುಲ್ಕಾಟಾ ಅನ್ನುವ ನೆಲದ ಆಮೆಯ ಮರಿಗಳ ಮೇಲಿನ 2003ರ ಅಧ್ಯಯನದಲ್ಲಿ ಒಣ ಹವೆಯೇ ಹೆಚ್ಚು ಕಾರಣ ಅಂತ ಕಂಡಿತು. ಮೊಸರನ್ನ ಸರಿ ಅಂತ ಇದರ ಅರ್ಥ ಅಲ್ಲ, ಮಾವ ಹಾಗೆ ಹೇಳುವ ಮುಂಚೆಯೇ ಹೇಳಿಬಿಡುತ್ತೇನೆ.

ರಘು ಮಾವ: ಸ್ಮಿತಾ ಸಾಕಬಹುದು, ಕೋಲಾರದವರು ಸಾಕಬಾರದು. ಯಾವ ನ್ಯಾಯ?

ಸ್ಮಿತಾ: ನನ್ನದು ಇಲಾಖೆಯ ಯೋಜನೆಯಿಂದಲೇ ಬಂದದ್ದು. ಕಾಡಿನಿಂದ ಹಿಡಿದು ತಂದರೆ ಇಲ್ಲೂ ಅಪರಾಧ. ಮರಿ ಮಾಡಿಸುವ ಹಾಗೂ ಇಲ್ಲ. ಮಾವಾ, ಪ್ಲೀಸ್, ಆ ಚಿತ್ರ ಡಿಲೀಟ್ ಮಾಡಿ.

ರಘು ಮಾವ: ಇಲ್ಲಿ ಮಾಡುತ್ತೇನೆ. ಬೇರೆ ಮೂರು ಗುಂಪಿಗೆ ಹೋಗಿಬಿಟ್ಟಿದೆಯಲ್ಲ. ನೀನೇ ಚಿಕ್ಕದಾಗಿ ಬರೆದುಕೊಡು, ಅಲ್ಲಿಗೂ ಹಾಕುತ್ತೇನೆ.

ಸ್ಮಿತಾ: ‘ನೆಲದ ಆಮೆಗೆ ಹಾಲು, ಬ್ರೆಡ್, ಅನ್ನ ಬೇಡ. ಮರುಭೂಮಿ, ಹುಲ್ಲುಗಾವಲಿನ ಜಾತಿ ಆದರೆ ಹುಲ್ಲೇ ಮುಖ್ಯ. ದಾಸವಾಳ, ಹಿಪ್ಪುನೇರಳೆ, ಪಾಪಸುಕಳ್ಳಿ ಒಳ್ಳೆಯದು. ಪಾಲಕ್ ಅಪರೂಪಕ್ಕೆ. ಕಣಗಿಲೆ ವಿಷ. ಬಾಳೆಹಣ್ಣು ಬೇಡ. ನಕ್ಷತ್ರ ಆಮೆ ಸಾಕುವುದು ಅಪರಾಧ.’

ರಘು ಮಾವ: ಕಳಿಸಿದೆ. ಬಾಳೆಹಣ್ಣಿನ ಸಾಲು ಮಾತ್ರ ತೆಗೆದೆ.

ಸ್ಮಿತಾ: ಮಾವಾ!!!