ಗಾಂಧಿವಾದಿಯೋ, ಗಾಂಧೀಯವೋ?

ಹಾವೇರಿಯಿಂದ ಪ್ರಶ್ನೆ:
ನಮಸ್ಕಾರ. ಮೈಲಾರ ಮಹಾದೇವಪ್ಪನವರ ಬಗ್ಗೆ ಇಲ್ಲಿ ಒಂದು ಚಿತ್ರ ಪ್ರದರ್ಶನ ಇಡುತ್ತಿದ್ದೇವೆ. ಬೋರ್ಡು ನಾಳೆ ಸಂಜೆಯೊಳಗೆ ಪ್ರಿಂಟಿಗೆ ಹೋಗಬೇಕು. ಇಂಗ್ಲಿಷಿನಲ್ಲಿ ‘ಗಾಂಧಿಯನ್ ಲೀಡರ್’, ‘ಗಾಂಧಿಯನ್ ಎಕನಾಮಿಕ್ಸ್’ ಅಂತ ಇದೆ. ಎರಡಕ್ಕೂ ‘ಗಾಂಧಿವಾದಿ’ ನಡೆಯುತ್ತಾ? ‘ಗಾಂಧೀಯ’ ಹಾಕಿ ಅನ್ನುತ್ತಾರೆ ನಮ್ಮ ಮಾಸ್ತರರು.

ಧಾರವಾಡದಿಂದ:
‘ಗಾಂಧೀಯ’ ಬೇಡವೇ ಬೇಡ. ಗಾಂಧಿ ಗುಜರಾತಿನ ಮನೆತನದ ಹೆಸರು. ಮೂಲ ‘ಗಂಧ’. ಸುಗಂಧ, ಕಿರಾಣಿ ಮಾರುವವರಿಗೆ ಬಂದದ್ದು. ಜನರ ಬಾಯಲ್ಲಿ ಬೆಳೆದ ಹೆಸರಿಗೆ ಮತ್ತೆ ಸಂಸ್ಕೃತದ ‘ಈಯ’ ಯಾಕೆ?

‘ವಾದಿ’ ಮನುಷ್ಯರಿಗೆ ಸರಿ. ಅರ್ಥಶಾಸ್ತ್ರ ಹೇಗೆ ವಾದಿ ಆಗುತ್ತದೆ? ಕನ್ನಡದಲ್ಲಿ ಹೆಸರಿನ ಪಕ್ಕ ಹೆಸರು ಇಟ್ಟರೆ ಸಾಕು. ಗಾಂಧಿ ಟೋಪಿ, ಗಾಂಧಿ ಚೌಕ, ಗಾಂಧಿ ಜಯಂತಿ. ಹೊಸರಿತ್ತಿಯದು ಗಾಂಧಿ ಗ್ರಾಮೀಣ ಗುರುಕುಲ, ಅಲ್ವಾ? ಹಾಗೇ ‘ಗಾಂಧಿ ಅರ್ಥವಿಚಾರ’ ಅನ್ನಿ.

ಮಹಾದೇವಪ್ಪನವರನ್ನು ಗಾಂಧಿವಾದಿ ಅನ್ನಲು ವ್ಯಾಕರಣದ ಅಡ್ಡಿಯಿಲ್ಲ. ನನ್ನ ತಕರಾರು ಬೇರೆ. ತಮ್ಮ ಹೆಸರಿನ ವಾದ ಅಂತ ಒಂದಿಲ್ಲ, ಪಂಥ ಬಿಟ್ಟುಹೋಗುವ ಆಸೆಯೂ ಇಲ್ಲ ಎಂದು 1936ರಲ್ಲಿ ಗಾಂಧೀಜಿಯೇ ಹೇಳಿದ್ದರು. ಮೋಟೆಬೆನ್ನೂರಿನ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಅವರ ಜೊತೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶಕ್ಕೆ ತೆಗೆದುಕೊಳ್ಳಲು ಹೋಗಿ ಪೊಲೀಸರ ಗುಂಡಿಗೆ ಬಲಿಯಾದರು. ಅಂಥವರಿಗೆ ಒಂದು ಹಣೆಪಟ್ಟಿ ಹಚ್ಚಿ ಮುಗಿಸುವುದಾ? ‘ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದ ಕನ್ನಡಿಗ’ ಅಂತ ಬರೆಯಿರಿ. ಬೋರ್ಡಿನಲ್ಲಿ ಜಾಗ ಇದ್ದೇ ಇರುತ್ತದೆ.

ಗದಗದಿಂದ:
ಇಷ್ಟೆಲ್ಲ ಯಾಕೆ? ‘ಗಾಂಧಿಯನ್’ ಎಂದೇ ಹಾಕಿ. ಬಸ್ಸು, ಬೋರ್ಡು ಬಂದಿಲ್ವಾ?

ಧಾರವಾಡದಿಂದ:
ಒಪ್ಪುವುದಿಲ್ಲ. ಪದ ಬರಲಿ, ಪ್ರತ್ಯಯ ಬರಬಾರದು.

ಗದಗದಿಂದ:
ಹಂಗಾದ್ರೆ ‘ಪಾಲುದಾರ’ ಬಿಟ್ಟುಬಿಡಿ. ‘ಪಾಲು’ ನಮ್ಮದು, ‘ದಾರ’ ಪಾರ್ಸಿಯದು. ಗುತ್ತಿಗೆದಾರನೂ ಅಷ್ಟೇ. ಸುಮ್ನೆ ಮಡಿ ಮಾಡಬೇಡಿ.

ಧಾರವಾಡದಿಂದ:
‘ದಾರ’ ಕನ್ನಡದ ಪದಕ್ಕೂ ಹೊಂದಿಕೊಂಡಿತು, ಅದಕ್ಕೇ ಉಳಿಯಿತು. ‘ಯನ್’ ಎಲ್ಲಿ ಹೊಂದಿದೆ ತೋರಿಸಿ. ಬಸವಣ್ಣನವರ ತತ್ವಕ್ಕೆ ನಾವೆಲ್ಲ ಬಸವತತ್ವ ಅನ್ನುತ್ತೇವೆ. ‘ಬಸವಿಯನ್’ ಅಂತ ಯಾರಾದರೂ ಅಂದಿದ್ದಾರಾ?

ಹಾವೇರಿಯಿಂದ:
‘ಗಾಂಧಿ ಅರ್ಥವಿಚಾರ’ ಮತ್ತು ದಂಡಿಯ ಸಾಲು, ಎರಡನ್ನೂ ಕಳಿಸಿದೆ. ‘ವಾದಿ’ ತೆಗೆದದ್ದಕ್ಕೆ ಮಾಸ್ತರರು ಒಪ್ಪಿದರು. ‘ಈಯ’ದ ವಿಷಯಕ್ಕೆ ಇನ್ನೂ ಒಪ್ಪಿಲ್ಲ.