ಏರೋಜೆಲ್ ನೂಲಿನ ಜಾಕೆಟ್ ಕುಲುಮೆ ಕೆಲಸಕ್ಕೆ ಆಗುತ್ತದಾ?

ಪ್ರಶ್ನೆ: ಕುಲುಮೆ ಹತ್ತಿರ ನನ್ನ ಕೆಲಸ. ಈಗಿನ ಜಾಕೆಟ್ ತುಂಬಾ ದಪ್ಪ, ಮೊಣಕೈ ಮಡಚುವುದೇ ಕಷ್ಟ. ಏರೋಜೆಲ್ ಅಂದರೆ ಸಣ್ಣ ಸಣ್ಣ ರಂಧ್ರಗಳಲ್ಲಿ ಗಾಳಿ ಹಿಡಿದಿಟ್ಟ ತುಂಬಾ ಹಗುರವಾದ ವಸ್ತು. ಅದರ ನೂಲಿನ ಬಟ್ಟೆ ತೆಳ್ಳಗಿದ್ದರೂ ಶಾಖ ತಡೆಯುತ್ತದಂತೆ. ಬಳಸಿದವರು ಇದ್ದರೆ ಹೇಳಿ.

ಪೈಪಿಗೆ ಹೊದಿಕೆ ಸುತ್ತುವವನು: ನಾನು ಬಳಸಿದ್ದು ನೂಲಲ್ಲ, ಸಿಲಿಕಾ (ಮರಳಿನಲ್ಲಿರುವ ವಸ್ತು) ಏರೋಜೆಲ್ ತುಂಬಿದ ಹೊದಿಕೆ. ಶಾಖ ತಡೆಯುವುದರಲ್ಲಿ ಎರಡು ಮಾತಿಲ್ಲ. ಆದರೆ ಮಡಚಿದಲ್ಲೆಲ್ಲ ಬಿಳಿ ಪುಡಿ ಉದುರುತ್ತದೆ. ಸಂಜೆಗೆ ಕೈ ಒಣಗಿ ಬಿರಿದಿರುತ್ತದೆ. ಅದನ್ನೇ ಹೊಲಿದು ಹಾಕಿಕೊಳ್ಳುವುದು ಬೇಡಪ್ಪಾ.

ನೂಲಿನ ಪ್ರಯೋಗಾಲಯದವಳು: ಪುಡಿಯ ಕಾಟ ತಪ್ಪಿಸಲೆಂದೇ ನೂಲು ಬಂದದ್ದು. 1931ರಲ್ಲಿ ಅಮೆರಿಕದ ವಿಜ್ಞಾನಿ ಕಿಸ್ಟ್ಲರ್ ಮೊದಲು ಮಾಡಿದ ಏರೋಜೆಲ್ ಗಾಜಿನ ಹಾಗೆ ಪುಡಿಯಾಗುತ್ತಿತ್ತು. ಅದರೊಳಗೆ ಬಹುಪಾಲು ಗಾಳಿಯೇ. ರಂಧ್ರಗಳು ಎಷ್ಟು ಸಣ್ಣ ಎಂದರೆ ಗಾಳಿಯ ಅಣುಗಳು ಒಂದಕ್ಕೊಂದು ತಾಗುವ ಮೊದಲೇ ಗೋಡೆಗೆ ಬಡಿಯುತ್ತವೆ. ಹಾಗಾಗಿ ಶಾಖ ದಾಟುವುದು ನಿಧಾನ. 2023ರಲ್ಲಿ ಚೀನಾದ ಝೆಜಿಯಾಂಗ್ ವಿಶ್ವವಿದ್ಯಾಲಯದವರು ಒಳಗೆ ರಂಧ್ರ, ಹೊರಗೆ ಗಟ್ಟಿ ಪದರ ಇರುವ ಹಿಮಕರಡಿಯ ಕೂದಲು ನೋಡಿ, ಏರೋಜೆಲ್ ಎಳೆಗೆ ಹೊರಗಿನಿಂದ ಒಂದು ಪದರ ಕೊಟ್ಟರು. ಅದರಲ್ಲಿ ಹೆಣೆದ ಸ್ವೆಟರ್ ಗರಿ ತುಂಬಿದ ಜಾಕೆಟಿನ ಐದನೇ ಒಂದು ಭಾಗದಷ್ಟೇ ದಪ್ಪ, ಆದರೂ ಅದರಷ್ಟೇ ಬೆಚ್ಚಗೆ. ನೀವು ಓದಿದ್ದು ಬಹುಶಃ ಇದೇ. ಆದರೆ ಆ ಹೊರಪದರ ಪಾಲಿಯುರೆಥೇನ್, ಒಂದು ಬಗೆಯ ಪ್ಲಾಸ್ಟಿಕ್. ಚಳಿಗೆ ಸರಿ, ಕುಲುಮೆ ಮುಂದೆ ಕರಗುತ್ತದೆ! ನಿಮಗೆ ಬೇಕಾದದ್ದು ಅರಾಮಿಡ್ (ಶಾಖಕ್ಕೆ ಕರಗದ ಕೃತಕ ನಾರು) ಏರೋಜೆಲ್ ನೂಲು.

ಪ್ರಶ್ನೆ ಕೇಳಿದವನು: ಅಂದರೆ ಏರೋಜೆಲ್ ಅನ್ನುವ ಹೆಸರು ನೋಡಿ ಕೊಂಡರೆ ಕೆಟ್ಟೆ ಅಂತಾಯ್ತು.

ಅಗ್ನಿಶಾಮಕದಲ್ಲಿ ಇದ್ದವನು: ಹೌದು ಸಾರ್, ಯಾವ ನೂಲು ಅಂತ ಕೇಳಿಯೇ ಕೊಳ್ಳಿ. ಕುಲುಮೆಯಲ್ಲಿ ಜಾಸ್ತಿ ಶಾಖ ಕಿರಣವಾಗಿ ಮೈಗೆ ಬಡಿಯುತ್ತದೆ. ಮೇಲೆ ಹೊಳೆಯುವ ಅಲ್ಯೂಮಿನಿಯಂ ಪದರ ಇರಲಿ, ಒಳಗೆ ಏರೋಜೆಲ್. ಇನ್ನೊಂದು, ಬೆವರು. ಹೊರಗಿನ ಶಾಖ ತಡೆಯುವ ಬಟ್ಟೆ ಮೈಯ ಶಾಖವನ್ನೂ ಹೊರಗೆ ಬಿಡುವುದಿಲ್ಲ ಅಲ್ವಾ? ಒಮ್ಮೆ ಒಳಗಿನ ಪದರ ಪೂರ್ತಿ ನೆನೆದಿತ್ತು. ಬೆಂಕಿ ತಾಗದಿದ್ದರೂ ಆ ನೀರೇ ಕಾದು ಭುಜ ಸುಟ್ಟಿತು. ತೆಳ್ಳಗಿದೆ ಅಂತ ಸುಮ್ನೆ ಜಾಸ್ತಿ ಹೊತ್ತು ನಿಲ್ಲಬೇಡಿ.

ಹೊದಿಕೆ ಸುತ್ತುವವನು: ಪೂರ್ತಿ ಜಾಕೆಟ್ ಯಾಕೆ? ಮೊಣಕಾಲು, ಭುಜ, ಬೂಟಿನ ಅಟ್ಟೆಗೆ ಮೊದಲು ಏರೋಜೆಲ್ ತುಂಡು ಹಾಕಿಸಿ ನೋಡಿ. ಹತ್ತಿಯ ಪದರ ಒತ್ತಿದರೆ ಚಪ್ಪಟೆಯಾಗುತ್ತದೆ. ಏರೋಜೆಲ್ ಅಷ್ಟು ಸುಲಭಕ್ಕೆ ಕುಗ್ಗುವುದಿಲ್ಲ. ಪುಡಿ ಹೊರಗೆ ಬಾರದಂತೆ ಅಂಚು ಮಾತ್ರ ಚೆನ್ನಾಗಿ ಮುಚ್ಚಿಸಿ.