190 ಡಾಲರ್ ಅಂತ ಲೆಕ್ಕ ಬಂತು, ನಂಬಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಬೆಂಗಳೂರಲ್ಲಿ ಮೂರು ಜನ ಸೇರಿ, ಆನ್‌ಲೈನ್ ಅಂಗಡಿ ನಡೆಸಲು ಬಳಸುವ ಶಾಪಿಫೈಗೆ ಒಂದು ಆ್ಯಪ್ ಮಾಡಿದ್ದೇವೆ. ಬಟ್ಟೆ ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸೈಜ್ ಚಾರ್ಟ್ ತೋರಿಸುವುದು ಅದರ ಕೆಲಸ. ತಿಂಗಳಿಗೆ 19 ಡಾಲರ್. ದುಡ್ಡು ಕೊಡುವ ಅಂಗಡಿ 300 ಇದ್ದವು, ಹೋದ ತಿಂಗಳು ಅದರಲ್ಲಿ 30 ಬಿಟ್ಟು ಹೋದವು. ಅಂದರೆ ಚರ್ನ್ 10%. 19ನ್ನು 0.10ರಿಂದ ಭಾಗಿಸಿದರೆ ಎಲ್‌ಟಿವಿ, ಅಂದರೆ ಒಬ್ಬ ಗ್ರಾಹಕ ಇರುವಷ್ಟು ದಿನ ಕೊಡುವ ಒಟ್ಟು ದುಡ್ಡು, 190 ಡಾಲರ್. ಜಾಹೀರಾತಿಗೆ ಅಂತ ಒಂದು ಅಂಗಡಿಗೆ 120 ಖರ್ಚಾಗುತ್ತಿದೆ. 70 ಲಾಭ ಅಲ್ವಾ? ಜಾಹೀರಾತು ಡಬಲ್ ಮಾಡೋಣ ಅಂತ ನಮ್ಮ ಪಾರ್ಟ್ನರ್ ತಲೆ ತಿನ್ನುತ್ತಿದ್ದಾನೆ.

ಉತ್ತರ: ಸ್ವಲ್ಪ ತಡೀರಿ, ಪಾರ್ಟ್ನರ್‌ಗೂ ತಡಿಯೋಕೆ ಹೇಳಿ.

ಮೊದಲು ಆ 19 ಪೂರ್ತಿ ನಿಮ್ಮದಲ್ಲ. ಶಾಪಿಫೈ 2.9% ಪ್ರೊಸೆಸಿಂಗ್ ಫೀ ಹಿಡಿದುಕೊಳ್ಳುತ್ತೆ, 18.45 ಕೈಗೆ ಬರುತ್ತೆ. ಮೊದಲ 10 ಲಕ್ಷ ಡಾಲರ್‌ವರೆಗೆ ಅವರಿಗೆ ಪಾಲು ಕೊಡಬೇಕಿಲ್ಲ, ಆಮೇಲೆ 15%. ಸದ್ಯಕ್ಕೆ ಆ ಚಿಂತೆ ನಿಮಗಿಲ್ಲ ಬಿಡಿ. ಸರ್ವರ್, ಇಮೇಲ್, ಸಪೋರ್ಟ್ ಹುಡುಗನ ಸಂಬಳ ಎಲ್ಲಾ ಸೇರಿ ಅಂಗಡಿಗೆ 4 ಡಾಲರ್ ಚಿಲ್ಲರೆ ಹೋಯಿತು ಅಂತಿಟ್ಟುಕೊಂಡರೆ ಉಳಿಯೋದು 14.40.

ಇದು ಸಣ್ಣ ವಿಷಯ. ದೊಡ್ಡ ತೊಂದರೆ ಇರೋದು ಆ 10%ನಲ್ಲಿ. ಪಿಜಿ ನಡೆಸೋರನ್ನ ಕೇಳಿ ನೋಡಿ, ಊಟ ಸರಿಹೋಗಲಿಲ್ಲ ಅಂತ ಮೊದಲ ತಿಂಗಳೇ ಗಂಟುಮೂಟೆ ಕಟ್ಟೋರು ಒಂದಷ್ಟು ಜನ, ಒಗ್ಗಿಕೊಂಡವರು ಮೂರು ವರ್ಷ ಆದ್ರೂ ಅಲ್ಲಾಡಲ್ಲ. ಇಬ್ಬರನ್ನೂ ಸೇರಿಸಿ ಸರಾಸರಿ ತೆಗೆದರೆ ಅದು ಇವರಿಗೂ ಹೊಂದಲ್ಲ, ಅವರಿಗೂ ಹೊಂದಲ್ಲ.

ಹಾಗಾಗಿ ಅಂಗಡಿಗಳನ್ನ ಸೇರಿದ ತಿಂಗಳ ಪ್ರಕಾರ ಬೇರೆ ಬೇರೆ ಸಾಲು ಮಾಡಿ. ಒಂದು ತಿಂಗಳಲ್ಲಿ ದುಡ್ಡು ಕೊಡಲು ಶುರು ಮಾಡಿದ 100 ಅಂಗಡಿ ತಗೊಳ್ಳೋಣ. ಮುಂದಿನ ತಿಂಗಳುಗಳಲ್ಲಿ 72, 62, 57, 54, 52 ಅಂತ ಉಳಿದವು, ಆಮೇಲೆ ತಿಂಗಳಿಗೆ 4%ನಂತೆ ಮಾತ್ರ ಕಡಿಮೆಯಾಗುತ್ತಾ ಹೋದವು ಅಂದುಕೊಳ್ಳಿ (ಇದು ಉದಾಹರಣೆ, ನಿಮ್ಮ ಸಂಖ್ಯೆ ಬೇರೆ ಬರುತ್ತೆ). ಮೊದಲ ತಿಂಗಳ 100 ಸೇರಿಸಿ 12 ತಿಂಗಳನ್ನೂ ಕೂಡಿದರೆ ಸುಮಾರು 668, ಅಂದರೆ ಅಂಗಡಿಗೆ 6.68 ತಿಂಗಳ ದುಡ್ಡು. 14.40ರಿಂದ ಗುಣಿಸಿ, 96 ಡಾಲರ್. ನೀವು ಹಾಕಿದ್ದು 120! ಅದು ವಾಪಸ್ ಬರೋದು 17ನೇ ತಿಂಗಳಿಗೆ. ಅಷ್ಟು ದಿನ ಸಂಬಳ ಎಲ್ಲಿಂದ ಕೊಡ್ತೀರಿ?

ಇದೇ ಲೆಕ್ಕದಲ್ಲಿ ಆರು ತಿಂಗಳು ದಾಟಿದ ಅಂಗಡಿಯ ಬೆಲೆ 14.40 ಭಾಗಿಸು 0.04, ಅಂದರೆ 360 ಡಾಲರ್. ನಿಮ್ಮ 190ಕ್ಕಿಂತ ಎಷ್ಟೋ ಜಾಸ್ತಿ. ಆದರೆ ಜಾಹೀರಾತಿಗೆ ಎಷ್ಟು ಹಾಕಬಹುದು ಅಂತ ನೋಡುವಾಗ ನಾನು 12 ತಿಂಗಳಿಗೇ ಗೆರೆ ಎಳೀತೀನಿ. ನಾಳೆ ಶಾಪಿಫೈಯೇ ಆ ಸೌಲಭ್ಯವನ್ನ ಪುಕ್ಕಟೆ ಕೊಟ್ಟುಬಿಟ್ಟರೆ ಮೂರನೇ ವರ್ಷದ ದುಡ್ಡು ಬರೀ ಎಕ್ಸೆಲ್‌ನಲ್ಲೇ ಇರುತ್ತೆ.

ಇನ್ನೊಂದು, ಆ 30 ಅಂಗಡಿ ಯಾವುವು ಅಂತ ಬಿಡಿಸಿ ನೋಡಿ. ಟ್ರಯಲ್‌ನಲ್ಲೇ ತೆಗೆದವರು ಚರ್ನ್ ಅಲ್ಲ, ಅವರು ನಿಮ್ಮ ಗ್ರಾಹಕರೇ ಆಗಿರಲಿಲ್ಲ. ಅಂಗಡಿಯನ್ನೇ ಮುಚ್ಚಿದವರನ್ನ ಬೇರೆ ಬರೆದಿಡಿ, ಲೆಕ್ಕದಲ್ಲಿ ಅದೂ ನಷ್ಟವೇ, ಆದರೆ ಆ್ಯಪ್ ಎಷ್ಟು ಚೆನ್ನಾಗಿ ಮಾಡಿದರೂ ಅವರು ನಿಲ್ಲಲ್ಲ. ಶಾಪಿಫೈ ಬಿಲ್ ಕಟ್ಟದೆ ಅಂಗಡಿ ಫ್ರೀಜ್ ಆದವರು ಮತ್ತೆ ಬರಬಹುದು, ಒಂದೆರಡು ತಿಂಗಳು ಕಾಯಿರಿ. ತೆಗೆದು ಮತ್ತೆ ಹಾಕಿಕೊಂಡವರನ್ನ ಹೊಸಬರು ಅಂತ ಎಣಿಸಬೇಡಿ. ಅಂಗಡಿಯ ಮೈಶಾಪಿಫೈ ವಿಳಾಸ (ಶಾಪಿಫೈ ಕೊಡುವ myshopify.com ವಿಳಾಸ) ಹಿಡಿದು ಹುಡುಕಿದರೆ ಹಳೇ ಸಾಲಿನಲ್ಲೇ ಸಿಗ್ತಾರೆ.

ಮತ್ತೊಬ್ಬರು: ನಮ್ಮಲ್ಲಿ ಅರ್ಧ ಜನ ವರ್ಷದ ಪ್ಲ್ಯಾನ್ ತಗೊಂಡಿದ್ದಾರೆ, ಅವರ ಚರ್ನ್ ಸೊನ್ನೆ ತೋರಿಸ್ತಿದೆ. ಖುಷಿ ಪಡಬಹುದಾ?

ಉತ್ತರ: ಕೈಗೆ ದುಡ್ಡು ಮೊದಲೇ ಬಂತು, ಅದಕ್ಕೆ ಖುಷಿ ಪಡಿ. ಅವರು ಉಳೀತಾರೋ ಇಲ್ವೋ ಗೊತ್ತಾಗೋದು 13ನೇ ತಿಂಗಳಿಗೆ. ತಿಂಗಳವರ ಜೊತೆ ಬೆರೆಸಬೇಡಿ, ಬೇರೆ ಶೀಟ್ ಇಡಿ. ಬ್ಲ್ಯಾಕ್ ಫ್ರೈಡೇ ಸೇಲ್‌ಗೆ ಅಂತ ಅಕ್ಟೋಬರ್, ನವೆಂಬರ್‌ನಲ್ಲಿ ಸೇರಿದವರನ್ನೂ ಅಷ್ಟೇ, ಜನವರಿ ಆದಮೇಲೆ ನೋಡಿ ಎಷ್ಟು ಜನ ಇದ್ದಾರೆ ಅಂತ.

ಪ್ರಶ್ನೆ ಕೇಳಿದವರು: ಶಾಪಿಫೈಯ ಪಾರ್ಟ್ನರ್ ಡ್ಯಾಶ್‌ಬೋರ್ಡ್‌ನಿಂದ ಡೇಟಾ ಇಳಿಸಿ ಮಾರ್ಚ್ ಸಾಲು ಮಾಡಿದೆ ಮೇಡಂ. ನಿಮ್ಮ ಉದಾಹರಣೆಗೆ ಹತ್ತಿರ ಹತ್ತಿರವೇ ಇದೆ. ಬಿಟ್ಟವರಲ್ಲಿ ಜಾಸ್ತಿ ಜನ ಮೊದಲ ಎರಡು ತಿಂಗಳಲ್ಲೇ ಹೋಗಿದ್ದಾರೆ. ಕೆಲವರಿಗೆ ಮೇಲ್ ಮಾಡಿದೆ, "ಚಾರ್ಟ್ ನಮ್ಮ ಅಂಗಡಿಯಲ್ಲಿ ಕಾಣಿಸಲೇ ಇಲ್ಲ" ಅಂದರು.

ಉತ್ತರ: ನೋಡಿದ್ರಾ! ಥೀಮ್ ಎಡಿಟರ್‌ಗೆ, ಅಂದರೆ ಅಂಗಡಿಯ ಪುಟ ಜೋಡಿಸುವ ಜಾಗಕ್ಕೆ, ಹೋಗಿ ಆ್ಯಪ್ ಬ್ಲಾಕ್ ಸೇರಿಸಬೇಕು ಅಂತ ಅವರಿಗೆ ಗೊತ್ತೇ ಇಲ್ಲ, ಕಾಣದ ಚಾರ್ಟ್‌ಗೆ ಒಂದು ತಿಂಗಳ ದುಡ್ಡು ಕೊಟ್ಟು ಹೋಗಿದ್ದಾರೆ. ಎರಡನೇ ತಿಂಗಳಿಗೆ 72ರ ಬದಲು 85 ಜನ ಉಳಿದು, ಆಮೇಲೆ ಹೋಗುವ ಪ್ರಮಾಣ ಈಗಿನಷ್ಟೇ ಇದ್ದರೂ ಆ 120 ಡಾಲರ್ 14ನೇ ತಿಂಗಳಿಗೇ ವಾಪಸ್ ಬರುತ್ತೆ, ಮೂರು ತಿಂಗಳು ಮುಂಚೆ. ಜಾಹೀರಾತನ್ನ ಈಗಿರುವಷ್ಟೇ ಇಡಿ. ಹೊಸದಾಗಿ ಸೇರೋ ಪ್ರತಿ ಅಂಗಡಿಗೂ ಆ ಬ್ಲಾಕ್‌ನ ನಿಮ್ಮ ಸಪೋರ್ಟ್ ಹುಡುಗನೇ ಹಾಕಿಕೊಡಲಿ. ಮೂರು ತಿಂಗಳು ಬಿಟ್ಟು ಹೊಸ ಸಾಲು ಇಲ್ಲಿ ಹಾಕಿ, ನೋಡೋಣ.